ಪಟ್ಟಿಯಲ್ಲಿ ಹೆಸರು, ಪಂಕ್ತಿಯಲ್ಲಿ ಜಾಗ

(ಕಾಸರಗೋಡಿನ ಬದಿಯಡ್ಕ ಸಮೀಪದ ಒಂದು ವಾಚನಾಲಯದಲ್ಲಿ ಅಂಗವಿಕಲ ಮಕ್ಕಳ ಹೆತ್ತವರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಶಾಲಾ ಅಧ್ಯಾಪಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ನನ್ನನ್ನು ಇಲ್ಲಿಗೆ ಕರೆದವರು ಫೋನಿನಲ್ಲಿ ಮೊದಲೇ ಹೇಳಿದ್ದರು, "ಟೀಚರೇ, ನಾಲ್ಕು ವ್ಯಾಯಾಮ ತೋರಿಸಿಕೊಡಿ, ಹೆತ್ತವರು ಮನೆಯಲ್ಲಿ ಮಾಡಿಸ್ತಾರೆ" ಅಂತ. ತೋರಿಸುವುದಿಲ್ಲ, ಬೇಸರ ಮಾಡಬೇಡಿ. ವ್ಯಾಯಾಮದ ಚಿತ್ರ ಇರುವ ಕಾಗದ ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದು ಈಗಲೂ ಹಾಗೆಯೇ ಉಂಟು, ನನಗೆ ಗೊತ್ತು. ಇವತ್ತು ನಾನು ಮಾತಾಡುವುದು ಬೇರೆ ವಿಷಯ. ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಒಂದು ಮನೆಯಲ್ಲಿ ಏನೇನೋ ನಡೆಯುತ್ತದೆ. ಅದರಲ್ಲಿ ನಿಮ್ಮ ಮಗುವಿನ ಪಾಲು ಎಷ್ಟು?

ಮನೆಗೆ ಹೋದಾಗ ನಾನು ಮೊದಲು ರಿಪೋರ್ಟಿನ ಫೈಲು ಕೇಳುವುದಿಲ್ಲ. "ಅಕ್ಕ, ನಿನ್ನೆ ಏನೇನಾಯ್ತು, ಒಂದೊಂದಾಗಿ ಹೇಳಿ" ಅನ್ನುತ್ತೇನೆ. ಅಮ್ಮ ಹೇಳುತ್ತಾರೆ: ಎಬ್ಬಿಸಿದೆ, ಹಲ್ಲುಜ್ಜಿಸಿದೆ, ಮೀಯಿಸಿದೆ, ಗಂಜಿ ತಿನ್ನಿಸಿದೆ, ಚಾವಡಿಯಲ್ಲಿ ಕೂರಿಸಿ ಟಿವಿ ಹಾಕಿದೆ, ಮಧ್ಯಾಹ್ನ ಉಣ್ಣಿಸಿದೆ, ಮಲಗಿಸಿದೆ. ಇಷ್ಟು ಹೊತ್ತಿನಲ್ಲಿ ಮಗು ತಾನಾಗಿ ಮಾಡಿದ್ದೇನು ಅಂತ ಹುಡುಕಿದರೆ ಸಿಗುವುದು ಟಿವಿ ನೋಡಿದ್ದು ಒಂದೇ. ಅಮ್ಮನ ಕಡೆಯಿಂದ ಇದರಲ್ಲಿ ಲೋಪವೇನೂ ಇಲ್ಲ. ಅವರ ಸೊಂಟ ಬಿದ್ದುಹೋಗುವಷ್ಟು ಕೆಲಸ ಅದು. ಆದರೆ ಮಗುವಿಗೆ ಆ ದಿನದಲ್ಲಿ ಕೆಲಸವೇ ಇಲ್ಲ.

ನನ್ನ ವೃತ್ತಿಗೆ, ಅಂದರೆ ಆಕ್ಯುಪೇಶನಲ್ ಥೆರಪಿಗೆ, ಬೇಕಾದದ್ದು ಆ ಕೆಲಸ. ಫಿಸಿಯೋಥೆರಪಿಯವರು ಮಗು ನಿಲ್ಲಬೇಕು, ನಡೆಯಬೇಕು ಅಂತ ಶ್ರಮಪಡುತ್ತಾರೆ. ನಿಂತ ಮೇಲೆ ಮಗು ಏನು ಮಾಡಬೇಕು, ನಿಲ್ಲಲಿಕ್ಕೆ ಆಗದಿದ್ದರೆ ಕೂತಲ್ಲಿಂದಲೇ ಅದನ್ನು ಹೇಗೆ ಮಾಡಬಹುದು ಎಂದು ನಾವು ನೋಡುತ್ತೇವೆ. ಉಣ್ಣುವುದು, ಉಡುವುದು, ಆಡುವುದು, ಬರೆಯುವುದು, ಅಂಗಡಿಗೆ ಹೋಗಿ ಬರುವುದು. ಇದು ನಿನ್ನೆ ಮೊನ್ನೆ ಬಂದದ್ದಲ್ಲ. ಇದರ ಮೊದಲ ಸಂಘ ಅಮೆರಿಕದಲ್ಲಿ ಹುಟ್ಟಿದ್ದು 1917ರಲ್ಲಿ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರನ್ನು ಮತ್ತೆ ಬದುಕಿಗೆ ಹಚ್ಚುವಾಗ ಅದು ಬಲವಾಯಿತು. ನಮ್ಮ ದೇಶಕ್ಕೆ ತಂದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ, ಭಾರತೀಯರೊಬ್ಬರನ್ನು ಮದುವೆಯಾಗಿ ಇಲ್ಲಿಯವರೇ ಆದ ಹೆಂಗಸು. 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಇದನ್ನು ಕಲಿಸುವ ಶಾಲೆ ತೆರೆದರು, 1952ರಲ್ಲಿ ಅಖಿಲ ಭಾರತ ಸಂಘ ಕಟ್ಟಿದರು. ಇಷ್ಟು ವರ್ಷವಾದರೂ ನಮ್ಮ ಕಡೆಯ ಹಳ್ಳಿಗಳಿಗೆ ಇದರ ಹೆಸರು ಹೊಸತು. ನನ್ನನ್ನೂ ಜನ "ಟೀಚರ್" ಅಂತಲೇ ಕರೆಯುವುದು. ನಾನು ತಿದ್ದಲಿಕ್ಕೆ ಹೋಗುವುದಿಲ್ಲ.

ಇನ್ನು, ಕಾಸರಗೋಡಿನಲ್ಲಿ ನಿಂತು ಅಂಗವಿಕಲ ಮಕ್ಕಳ ಬಗ್ಗೆ ಮಾತಾಡುವಾಗ ಎಂಡೋಸಲ್ಫಾನ್ ಎಂಬ ಕೀಟನಾಶಕದ ಹೆಸರು ತೆಗೆಯದೆ ಮುಂದೆ ಹೋಗಲಿಕ್ಕೆ ಆಗುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರುತೋಟಗಳಲ್ಲಿ ಟೀ ಸೊಳ್ಳೆ ಎಂಬ ಕೀಟದ ಕಾಟಕ್ಕೆಂದು ಹೆಲಿಕಾಪ್ಟರಿನಿಂದ ಆ ವಿಷ ಸುರಿದರು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಕಡೆಯವರಿಗೆ ನಾನು ಅದನ್ನು ಹೇಳಬೇಕಾಗಿಲ್ಲ. 2011ರ ಎಪ್ರಿಲಿನಲ್ಲಿ ಅಪಾಯಕಾರಿ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಸಾಲಿಗೆ ಅದು ಸೇರಿತು, ಮರುತಿಂಗಳು ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು ಕೇರಳ ಸರಕಾರಕ್ಕೆ ಹೇಳಿತು. ಸಂತ್ರಸ್ತರ ಪಟ್ಟಿಯಲ್ಲಿ ಮಗುವಿನ ಹೆಸರು ಸೇರಿಸಲಿಕ್ಕಾಗಿ ಇಲ್ಲಿಯ ಅಮ್ಮಂದಿರು ತಿರುವನಂತಪುರದ ಸಚಿವಾಲಯದ ಎದುರು ಮಕ್ಕಳನ್ನು ಕರಕೊಂಡು ಹೋಗಿ ಕೂತದ್ದುಂಟು. ಆ ಹೋರಾಟದ ಬಗ್ಗೆ ನನಗೆ ಗೌರವ ಉಂಟು. ಅದು ಮುಗಿದಿಲ್ಲ ಎಂಬುದೂ ಗೊತ್ತು.

ಆದರೆ ಒಂದು ಮಾತು ಹೇಳಲೇಬೇಕು. ಪಟ್ಟಿಯಲ್ಲಿ ಹೆಸರು ಬಂತು. ಪಂಕ್ತಿಯಲ್ಲಿ ಜಾಗ ಬಂತೋ? ಮದುವೆ, ಉಪನಯನ, ಗೃಹಪ್ರವೇಶ, ಜಾತ್ರೆಯ ಊಟ, ಇಲ್ಲೆಲ್ಲ ನಮ್ಮ ಮಕ್ಕಳು ಎಲ್ಲಿರುತ್ತಾರೆ? ಒಂದೋ ಮನೆಯಲ್ಲಿ, ಕಾವಲಿಗೆ ಒಬ್ಬರನ್ನು ಇಟ್ಟು. ಇಲ್ಲವೇ ಹಿಂದಿನ ಜಗಲಿಯಲ್ಲಿ, ಎಲ್ಲರಿಗಿಂತ ಮೊದಲು ನಾಲ್ಕು ತುತ್ತು ತಿನ್ನಿಸಿ ಮುಗಿಸಿದ್ದು. ಯಾರೂ ಕೆಟ್ಟ ಮನಸ್ಸಿನಿಂದ ಹೀಗೆ ಮಾಡುವುದಿಲ್ಲ. "ಪಾಪ, ಅವನಿಗೆ ಯಾಕೆ ಕಷ್ಟ" ಅಂತ ಮಾಡುತ್ತಾರೆ. ಆ ಪಾಪ ಅನ್ನುವವರ ಹತ್ತಿರ ವಾದ ಮಾಡುವುದು ತುಂಬಾ ಕಷ್ಟ, ನೋಡಿ.

ಯಾವ ಮಗುವಿನ ತೊಂದರೆಗೆ ಯಾವುದು ಕಾರಣ ಎಂಬ ಲೆಕ್ಕ ಕೋರ್ಟಿಗೆ ಬೇಕು, ಪರಿಹಾರಕ್ಕೆ ಬೇಕು. ಅವಧಿಗೆ ಮುಂಚೆ ಹುಟ್ಟಿದ ಮಗು, ಹೆರಿಗೆಯ ಹೊತ್ತಿಗೆ ಉಸಿರುಕಟ್ಟಿದ ಮಗು, ಡೌನ್ ಸಿಂಡ್ರೋಮ್ ಇರುವವರು, ಆಟಿಸಂ ಇರುವವರು, ಎಲ್ಲರೂ ಇದೇ ಊರಿನಲ್ಲಿದ್ದಾರೆ. ಬೆಳಗಿನ ಸ್ನಾನದ ಪ್ರಶ್ನೆ ಅಷ್ಟು ಮನೆಯಲ್ಲೂ ಒಂದೇ.

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಗವಿಕಲತೆಯನ್ನು ನೋಡುವ ಒಂದು ಚೌಕಟ್ಟು ಕೊಟ್ಟಿತು. ದೇಹದಲ್ಲಿ ಏನಾಗಿದೆ ಎಂಬುದು ಒಂದು. ಯಾವ ಕೆಲಸ ಮಾಡಲಿಕ್ಕೆ ಆಗುತ್ತದೆ ಎಂಬುದು ಇನ್ನೊಂದು. ಬದುಕಿನ ಯಾವ ಯಾವ ಕಡೆ ಪಾಲುಗೊಳ್ಳುತ್ತಾನೆ ಎಂಬುದು ಮತ್ತೊಂದು. ಇವಕ್ಕೆಲ್ಲ ಸುತ್ತಲಿನ ಜಾಗ, ಜನ, ಸಾಮಾನು ಅಡ್ಡಿಯಾಗುತ್ತದೋ ಸಹಾಯವಾಗುತ್ತದೋ ಎಂಬುದನ್ನೂ ಸೇರಿಸಿ ನೋಡಬೇಕು ಎಂದಿತು. ನಮ್ಮ ಕೈಗೆ ಸಿಗುವ ಪ್ರಮಾಣಪತ್ರದಲ್ಲಿ ಇರುವುದು ಮಾತ್ರ ಒಂದು ಶೇಕಡಾ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸವಲತ್ತು. ಅಂಗವಿಕಲರ ಹಕ್ಕುಗಳ 2016ರ ಕಾನೂನು 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದ್ದು ದೊಡ್ಡ ಸಂಗತಿಯೇ. ಆದರೆ ಶೇಕಡಾ ಸಮನಾಗಿರುವ ಇಬ್ಬರು ಹುಡುಗರನ್ನು ನಾನು ನೋಡಿದ್ದೇನೆ. ಒಬ್ಬ ಮಾವನ ರಿಕ್ಷಾದಲ್ಲಿ ದಿನಾ ಪೇಟೆ ಸುತ್ತಿ ಬರುತ್ತಾನೆ, ರಿಕ್ಷಾ ಸ್ಟ್ಯಾಂಡಿನವರಿಗೆಲ್ಲ ಅವನ ಗುರುತುಂಟು. ಇನ್ನೊಬ್ಬ ಜಗಲಿಯಿಂದ ಕೆಳಗೆ ಇಳಿದದ್ದು ಆಸ್ಪತ್ರೆಗೆ ಮಾತ್ರ. ಕಾಗದದಲ್ಲಿ ಇಬ್ಬರೂ ಒಂದೇ.

ಊಟದ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದನ್ನು ಹತ್ತಿರದಿಂದ ನೋಡಿದರೆ ಉಳಿದದ್ದು ನಿಮಗೇ ಹೊಳೆಯುತ್ತದೆ.

ಒಬ್ಬಳು ಹುಡುಗಿ, ಮೂರನೇ ಕ್ಲಾಸಿನ ಪ್ರಾಯ. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈಯ ಚಲನೆ ಹಿಡಿತಕ್ಕೆ ಬಾರದ ಸ್ಥಿತಿ. ಎರಡೂ ಕಾಲು ಬಿಗಿ, ಕೈ ಅಷ್ಟು ಕೆಟ್ಟಿಲ್ಲ. ಅವಳಿಗೆ ಏನು ಬೇಕು ಅಂತ ಅವಳನ್ನೇ ಕೇಳಿದೆ. ಮಕ್ಕಳನ್ನೂ ಕೇಳಬೇಕು, ನಾವು ಕೇಳುವುದೇ ಇಲ್ಲ. "ಅಣ್ಣನ ಉಪನಯನದ ದಿನ ಎಲ್ಲರೊಟ್ಟಿಗೆ ಕೂತು ಉಣ್ಣಬೇಕು" ಅಂದಳು. ಅಣ್ಣ ಅಂದರೆ ದೊಡ್ಡಪ್ಪನ ಮಗ. ಪಕ್ಕದಲ್ಲಿದ್ದ ಅಜ್ಜಿ ತಕ್ಷಣ, "ನಾನಿರುವಷ್ಟು ದಿನ ಅವಳ ಬಾಯಿಗೆ ನಾನೇ ಕೊಡುವುದು" ಅಂದರು. ಪ್ರೀತಿಯ ಮಾತು. ಆದರೆ ಅಜ್ಜಿಗೆ ಎಪ್ಪತ್ತು ದಾಟಿದೆ.

ಅವಳು ಯಾಕೆ ಉಣ್ಣುವುದಿಲ್ಲ? ಎಲ್ಲರೂ ಕೈ ನೋಡಿದರು. ತೊಂದರೆ ಇದ್ದದ್ದು ಕೂರುವುದರಲ್ಲಿ. ತೊಡೆಯ ಒಳಬದಿ ಬಿಗಿಯಾದ ಕಾರಣ ಚಕ್ಕಳಮಕ್ಕಳ ಹಾಕಲಿಕ್ಕೆ ಆಗುವುದಿಲ್ಲ, ಹಾಕಿದರೆ ಹಿಂದಕ್ಕೆ ಬೀಳುತ್ತಾಳೆ. ಬೀಳದಿರಲಿಕ್ಕೆ ಒಂದು ಕೈಯನ್ನು ನೆಲಕ್ಕೆ ಊರುತ್ತಾಳೆ, ಕೆಲವೊಮ್ಮೆ ಎರಡನ್ನೂ. ಮತ್ತೆ ಉಣ್ಣಲಿಕ್ಕೆ ಕೈ ಎಲ್ಲಿಂದ ಬರಬೇಕು? ಸೊಂಟ ಭದ್ರವಾಗದೆ ಕೈ ಬಿಡುಗಡೆಯಾಗುವುದಿಲ್ಲ. ಹಾಗಾಗಿ ಮೊದಲು ಕೂರುವ ಜಾಗ ಸರಿ ಮಾಡಿದೆವು. ಊಟದ ಕೋಣೆಯ ಮೂಲೆ, ಎರಡು ಗೋಡೆ ಸೇರುವಲ್ಲಿ ಬೆನ್ನು. ಕೆಳಗೆ ಒಂದು ಮಣೆ, ಅದರ ಮೇಲೆ ಇನ್ನೊಂದು. ಸೊಂಟ ಅಷ್ಟು ಎತ್ತರವಾದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕಾಲು ಮುಂದೆ, ಮೊಣಕಾಲು ಸ್ವಲ್ಪ ಮಡಚಿ, ನಡುವೆ ಸುತ್ತಿದ ಒಂದು ಬೈರಾಸು, ಅಂದರೆ ಟವೆಲು. ನೋಡುನೋಡುತ್ತಲೇ ಊರಿದ್ದ ಕೈ ಮೇಲೆ ಬಂತು. ಅಜ್ಜಿಗೆ ಆಶ್ಚರ್ಯ. ನನಗೆ ಆಶ್ಚರ್ಯವಾಗಲಿಲ್ಲ, ಸಂತೋಷವಾಯ್ತು.

ಮತ್ತೆ ತಟ್ಟೆ. ಸ್ಟೀಲಿನ ತಟ್ಟೆ ಜಾರುತ್ತದೆ, ಬಾಳೆಲೆಗೆ ಅಂಚಿಲ್ಲ. ಹೊರದೇಶದ ಕ್ಯಾಟಲಾಗುಗಳಲ್ಲಿ ಅಂಚು ಎತ್ತರಿಸಿದ ವಿಶೇಷ ತಟ್ಟೆ ಸಿಗುತ್ತದೆ, ಬೆಲೆ ನೋಡಿದರೆ ಹಸಿವು ಇಂಗುತ್ತದೆ. ನಮ್ಮಲ್ಲಿ ಅಡಿಕೆ ಹಾಳೆಯ ಹಾಳೆತಟ್ಟೆ ಉಂಟಲ್ಲ! ಅದರ ಅಂಚು ಮೇಲೆ ಬಾಗಿರುತ್ತದೆ, ಅನ್ನವನ್ನು ಅದಕ್ಕೆ ಒತ್ತಿ ಬೆರಳಿಗೆ ಸಿಕ್ಕಿಸಬಹುದು, ಮೈ ತುಸು ಒರಟು. ಅಡಿಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ.

ಇನ್ನು ಅನ್ನ. ಕುಚ್ಚಲಕ್ಕಿ ಅನ್ನ ಉದುರು ಉದುರು, ಕೈಯಲ್ಲಿ ನಿಲ್ಲುವುದಿಲ್ಲ. ಕಲಿಯುವ ಕೈಗೆ ಬೆಳ್ತಿಗೆ ಅನ್ನ ಸುಲಭ, ಮೊಸರಿನಲ್ಲಿ ಗಟ್ಟಿಯಾಗಿ ಕಲಸಿದ್ದು ಇನ್ನೂ ಸುಲಭ. ಅದಕ್ಕೂ ಮೊದಲು ಇಡ್ಲಿ, ದೋಸೆಯ ತುಂಡು. ಸಾರು ಕೊನೆಗೆ. ಕಲಿಸುವ ಕ್ರಮವನ್ನೂ ತಿರುವಿ ಹಾಕಿದೆವು. ಅಜ್ಜಿ ತುತ್ತು ಕಟ್ಟಿ ಅವಳ ಬೆರಳಿನೊಳಗೆ ಇಡುವುದು, ಬಾಯಿಗೆ ಒಯ್ಯುವುದಷ್ಟೇ ಅವಳ ಕೆಲಸ. ಅದು ಕೂಡಿಬಂದ ಮೇಲೆ ತಟ್ಟೆಯಿಂದ ಎತ್ತುವುದೂ ಅವಳದ್ದು. ಆಮೇಲೆ ಕಲಸುವುದು. ಹೀಗೆ ಹಿಂದಿನಿಂದ ಮುಂದಕ್ಕೆ ಬಂದರೆ ಪ್ರತಿ ಸಲವೂ ಕೆಲಸ ಮುಗಿಸಿದವಳು ಮಗುವೇ ಆಗುತ್ತಾಳೆ. ಅಜ್ಜಿಯ ಕೈಗೂ ಒಂದು ಕೆಲಸ ಉಳಿಯಿತು, ಅವರ ಮುನಿಸೂ ಇಳಿಯಿತು. ಇದನ್ನೆಲ್ಲ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಮಾಡಬಾರದು. ಸಾಯಂಕಾಲದ ತಿಂಡಿಯ ಹೊತ್ತು ಒಳ್ಳೆಯದು.

ಉಪನಯನದ ದಿನ ಅವಳು ಪಂಕ್ತಿಯ ಕೊನೆಯಲ್ಲಿ ಕಂಬಕ್ಕೆ ಒರಗಿ ಕೂತಳು. ಎಲ್ಲರಿಗೂ ಬಾಳೆಲೆ, ಅವಳಿಗೆ ಎಲೆಯ ಮೇಲೆ ಹಾಳೆತಟ್ಟೆ. ಬಡಿಸುವವರೊಬ್ಬರು ಬಂದು "ಅಮ್ಮನನ್ನು ಕರೆಯಲಾ ಮಗಾ?" ಅಂತ ಕೇಳಿದರು. "ಬೇಡ, ಉಪ್ಪಿನಕಾಯಿ ಹಾಕಿ" ಅಂದಳಂತೆ. ಅರ್ಧ ಊಟಕ್ಕೆ ಕೈ ಸೋತಿತು. ಉಳಿದದ್ದನ್ನು ಚಿಕ್ಕಮ್ಮ ಉಣ್ಣಿಸಿದರು, ಪಾಯಸವನ್ನು ಲೋಟದಲ್ಲಿ ಕುಡಿದಳು. ಪೂರ್ತಿ ತಾನೇ ಉಣ್ಣಬೇಕಿತ್ತು ಅಂತ ನನಗೆ ಅನ್ನಿಸಲೇ ಇಲ್ಲ. ಅವಳು ಕೇಳಿದ್ದು ಎಲ್ಲರೊಟ್ಟಿಗೆ ಕೂರುವುದನ್ನು.

ಒಂದು ಎಚ್ಚರಿಕೆ. ಉಣ್ಣುವಾಗ ಪದೇ ಪದೇ ಕೆಮ್ಮುವ, ನೀರು ಕುಡಿದ ಮೇಲೆ ಸ್ವರ ಗೊರಗೊರ ಆಗುವ, ಆಗಾಗ ಕಫ ಕಟ್ಟಿ ಜ್ವರ ಬರುವ ಮಕ್ಕಳಿಗೆ ಇದನ್ನು ಮನೆಯಲ್ಲೇ ಶುರು ಮಾಡಬೇಡಿ. ನುಂಗುವುದು ಸರಿ ಇದೆಯೋ ಎಂದು ಮೊದಲು ಪರೀಕ್ಷೆ ಆಗಲಿ.

ಇದೆಲ್ಲ ಅಡುಗೆಮನೆಯ ಉಪಾಯ, ಚಿಕಿತ್ಸೆ ಎಲ್ಲಿದೆ ಅಂತ ಕೇಳುವವರಿದ್ದಾರೆ. ಐಯೋನಾ ನೊವಾಕ್ ಎಂಬ ಆಸ್ಟ್ರೇಲಿಯಾದ ಆಕ್ಯುಪೇಶನಲ್ ಥೆರಪಿಸ್ಟ್ ಮತ್ತು ಸಂಗಡಿಗರು ಸೆರೆಬ್ರಲ್ ಪಾಲ್ಸಿಗೆ ಕೊಡುವ ಚಿಕಿತ್ಸೆಗಳ ಸಂಶೋಧನೆಗಳನ್ನು ಒಟ್ಟುಮಾಡಿ 2013ರಲ್ಲಿ ಹಸಿರು, ಹಳದಿ, ಕೆಂಪು ಎಂದು ಟ್ರಾಫಿಕ್ ಲೈಟಿನ ಬಣ್ಣ ಹಚ್ಚಿದರು. 2020ರಲ್ಲಿ ಅದನ್ನು ಪರಿಷ್ಕರಿಸಿದರು. ಒಂದು ಗುರಿ ಇಟ್ಟುಕೊಂಡು ಆ ಕೆಲಸವನ್ನೇ ಮಾಡಿ ಮಾಡಿ ಕಲಿಯುವುದು ಹಸಿರು. ಮನೆಯಲ್ಲಿ ಮಾಡುವ ಅಭ್ಯಾಸ ಹಸಿರು. ಎರಡೂ ಕೈ ಸೇರಿಸಿ ಮಾಡುವ ತರಬೇತಿ ಹಸಿರು. ಮಗು ಸುಮ್ಮನೆ ಮಲಗಿದ್ದು, ಬೇರೆಯವರು ಅದರ ಕೈಕಾಲು ಎಳೆದು ಮಡಚಿ ಮಾಡುವುದಕ್ಕೆ ಹಸಿರು ಸಿಗಲಿಲ್ಲ. ಅಧಿಕ ಒತ್ತಡದ ಆಮ್ಲಜನಕದ ಕೋಣೆಯಲ್ಲಿ ಕೂರಿಸುವುದು ಕೆಂಪು. ಇದಕ್ಕೆಲ್ಲ ಬಂಗಾರ ಅಡವಿಟ್ಟವರನ್ನು ನಾನು ಕಂಡಿದ್ದೇನೆ, ಅದಕ್ಕೇ ಹೇಳಿದೆ.

ಎರಡೂ ಕೈ ಅಂದೆನಲ್ಲ, ಅದಕ್ಕೆ ನಮ್ಮ ಅಡಿಕೆ ಅಂಗಳಕ್ಕಿಂತ ಒಳ್ಳೆಯ ಥೆರಪಿ ಕೋಣೆ ಬೇರೆ ಬೇಡ. ಒಂದು ಬದಿಯ ಕೈ ಬಲವಿಲ್ಲದ ಮಕ್ಕಳು ಆ ಕೈಯನ್ನು ಮರೆತೇಬಿಡುತ್ತಾರೆ. ಒಳ್ಳೆ ಕೈಯಲ್ಲೇ ಎಲ್ಲ ಮುಗಿಯುತ್ತದೆ. ಅಂಥವನಿಗೆ ಒಣ ಅಡಿಕೆ ಹೆಕ್ಕಲಿಕ್ಕೆ ಹೇಳಿ. ಬುಟ್ಟಿಯನ್ನು ನೆಲದಲ್ಲಿಡದೆ ಬಲವಿಲ್ಲದ ಕೈಯ ಮೊಣಗಂಟಿಗೆ ಸಿಕ್ಕಿಸಿ. ಆ ಕೈ ಹಿಡಿಯುವುದು ಬೇಡ, ತಾಳಿಕೊಂಡರೆ ಸಾಕು. ಹಲಸಿನ ಸೊಳೆ ಬಿಡಿಸುವಾಗಲೂ ಹಾಗೆಯೇ, ಒಂದು ಕೈ ಒತ್ತಿ ಹಿಡಿಯಬೇಕು, ಇನ್ನೊಂದು ಎಳೆಯಬೇಕು. ಕೆಲವು ಆಟಿಸಂ ಮಕ್ಕಳಿಗೆ ಆ ಮೇಣದ ಅಂಟು ಮುಟ್ಟಿದರೆ ಮೈಯೆಲ್ಲ ಮುಳ್ಳೇಳುತ್ತದೆ. ಅಂಥವರಿಗೆ ಬಿಡಿಸಿದ ಸೊಳೆಯನ್ನು ಚಮಚದಲ್ಲಿ ಪಾತ್ರೆಗೆ ಹಾಕುವ ಕೆಲಸ ಕೊಡಿ, ಬಲವಂತ ಬೇಡ. ಮಗುವನ್ನು ದುಡಿಸಿ ಎಂದು ನಾನು ಹೇಳುತ್ತಿಲ್ಲ. ಮನೆಯ ಉಳಿದ ಮಕ್ಕಳು ಆಟವಾಡುತ್ತ ಮಾಡುವಷ್ಟನ್ನೇ ಇವರಿಗೂ ಬಿಡಿ ಎಂದಷ್ಟೇ.

ಶಾಲೆಯವರಿದ್ದೀರಿ. ರ್‍ಯಾಂಪ್ ಬಗ್ಗೆ ಹೇಳದೆ ಹೋದರೆ ನನಗೆ ನಿದ್ದೆ ಬರಲಿಕ್ಕಿಲ್ಲ. ಗಾಲಿಕುರ್ಚಿ ಹತ್ತುವ ಇಳಿಜಾರಿನ ಲೆಕ್ಕ 1ಕ್ಕೆ 12. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಜಗಲಿ 2 ಅಡಿ ಎತ್ತರವಿದ್ದರೆ 24 ಅಡಿ. ನಾನು ನೋಡುವ ಎಷ್ಟೋ ರ್‍ಯಾಂಪು ಇದರ ಮೂರನೇ ಒಂದು ಪಾಲೂ ಇಲ್ಲ. ಜೂನಿನಲ್ಲಿ ಮಳೆ ಹಿಡಿದು ಪಾಚಿ ಬಂದರೆ ಅದರಲ್ಲಿ ಆರೋಗ್ಯವಂತರೇ ಹತ್ತಲಾರರು. ಫೋಟೋ ತೆಗೆದು ಬಿಲ್ಲು ಮಾಡಲಿಕ್ಕೆ ಸಾಕು, ಅಷ್ಟೆ. ಜಾಗ ಸಾಲದಿದ್ದರೆ ನಡುವೆ ತಿರುವು ಕೊಟ್ಟು ಕಟ್ಟಬಹುದು.

ರ್‍ಯಾಂಪಿಗಿಂತಲೂ ದೊಡ್ಡದು ಶೌಚಾಲಯ. ಒಂದು ಹೆಣ್ಣುಮಗು ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ, ಶಾಲೆಯಲ್ಲಿ ಮೂತ್ರಕ್ಕೆ ಹೋಗಬೇಕಾದೀತು ಅಂತ. ಟೀಚರ್ ಅದನ್ನು "ಮಂಕಾಗಿರ್ತಾಳೆ, ಗಮನ ಕೊಡುವುದಿಲ್ಲ" ಅಂತ ಬರೆದಿದ್ದರು. ಅಲ್ಲಿ ಬೇಕಾಗಿದ್ದದ್ದು ಒಂದು ಕಮೋಡು, ಗೋಡೆಗೆ ಬಲವಾಗಿ ಕೂರಿಸಿದ ಒಂದು ಪೈಪು, ಹೊರಕ್ಕೆ ತೆರೆಯುವ ಬಾಗಿಲು. 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ಬೇಕಾದರೆ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯುವ ಹಕ್ಕನ್ನು 2016ರ ಕಾನೂನು ಕೊಟ್ಟಿದೆ. ಆ ಹಕ್ಕು ಎಷ್ಟೋ ಕಡೆ ಶೌಚಾಲಯದ ಬಾಗಿಲಲ್ಲಿ ನಿಂತುಬಿಡುತ್ತದೆ.

ಗಾಲಿಕುರ್ಚಿಯೂ ಹಾಗೆಯೇ. ಕ್ಯಾಂಪಿನಲ್ಲಿ ಕೊಟ್ಟದ್ದು, ದೊಡ್ಡವರ ಅಳತೆಯದ್ದು. ಎಂಟು ವರ್ಷದ ಮಗು ಅದರಲ್ಲಿ ಒಂದು ಬದಿಗೆ ವಾಲಿ ವಾಲಿ ಬೆನ್ನೆಲುಬೇ ಸೊಟ್ಟಗಾಗುತ್ತದೆ. ಕುರ್ಚಿಯನ್ನು ಕೂರುವವರ ಅಳತೆಗೆ ಹೊಂದಿಸಿಯೇ ಕೊಡಬೇಕು, ಬಳಸಲಿಕ್ಕೆ ಕಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಮಾರ್ಗಸೂಚಿ ಬರೆದಿದೆ. ನಮ್ಮ ಮನೆಗಳೋ ಗುಡ್ಡದ ಬದಿಯಲ್ಲಿ, ತೋಟ ಕೆಳಗೆ, ರಸ್ತೆ ಮೇಲೆ, ನಡುವೆ ಮುರಕಲ್ಲಿನ ಮೆಟ್ಟಿಲು. ಕುರ್ಚಿ ಕೊನೆಗೆ ಅಡಿಕೆ ಗೋಣಿ ಇಡುವ ಜಾಗವಾಗುತ್ತದೆ. ತಪ್ಪು ಮನೆಯವರದ್ದಲ್ಲ.

ಭಾಷೆಯ ವಿಷಯ ಇಲ್ಲಿ ಬಿಟ್ಟು ಬೇರೆ ಯಾವ ಜಿಲ್ಲೆಯಲ್ಲಿ ಹೇಳುವುದು? ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಪರೀಕ್ಷೆ ಮಾಡುವವರದ್ದು ಮಲಯಾಳ. ಹೇಳಿದ್ದು ಅರ್ಥವಾಗದೆ ಕೂತ ಮಗುವಿಗೆ ಬುದ್ಧಿ ಕಡಿಮೆ ಅಂತ ಬರೆದುಬಿಟ್ಟದ್ದನ್ನು ನಾನು ಕಂಡಿದ್ದೇನೆ. ಪರೀಕ್ಷೆಗೆ ಹೋಗುವಾಗ ಮನೆಯ ಮಾತು ಬಲ್ಲ ಒಬ್ಬರು ಜೊತೆಗಿರಲಿ, ಕಾಗದದಲ್ಲಿ "ಯಾವ ಭಾಷೆಯಲ್ಲಿ ಕೇಳಿದ್ದು" ಎಂದು ಬರೆಯಿಸಿಕೊಳ್ಳಿ.

ಈಗ ಆಟದ ಕಡೆ ಬರುವ. ಆಟ ಅಂದರೆ ಎರಡೂ, ಮಕ್ಕಳ ಆಟವೂ ಯಕ್ಷಗಾನವೂ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನೂ ಕಲೆಯಲ್ಲಿ ಪಾಲುಗೊಳ್ಳುವುದನ್ನೂ ಮಗುವಿನ ಹಕ್ಕೆಂದೇ ಹೇಳುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನಲ್ಲಿ ಶಾಲಾ ವಾರ್ಷಿಕೋತ್ಸವವೆಂದರೆ ಮಕ್ಕಳ ಆಟ ಇರಲೇಬೇಕು. ಬುದ್ಧಿಯ ಬೆಳವಣಿಗೆ ನಿಧಾನವಿರುವ ಒಬ್ಬ ಹುಡುಗ, ಚೆಂಡೆ ಕೇಳಿದರೆ ಊಟ ಬಿಟ್ಟು ಓಡುವವನು. ಅವನನ್ನು ಚೌಕಿಯ, ಅಂದರೆ ವೇಷ ಕಟ್ಟುವ ಕೋಣೆಯ, ಬಾಗಿಲಲ್ಲಿ ಕೂರಿಸುತ್ತಿದ್ದರು. ನಾನು ಮಾಸ್ಟ್ರಲ್ಲಿ ಕೇಳಿದೆ, "ತೆರೆ ಹಿಡಿಯಲಿಕ್ಕೆ ಯಾರು?" ತೆರೆ ಹಿಡಿಯುವುದು ಸಣ್ಣ ಕೆಲಸ ಅಂತ ಕಾಣುತ್ತದೆ. ಬಿಡಿಸಿ ನೋಡಿ: ಎರಡೂ ಕೈಯಲ್ಲಿ ಬಟ್ಟೆ ಬಿಗಿಯಾಗಿ ಹಿಡಿಯಬೇಕು, ಎದೆಯ ಎತ್ತರದಲ್ಲಿ ತಾಳಿಕೊಂಡಿರಬೇಕು, ಹಿಂದೆ ವೇಷ ಕುಣಿಯುತ್ತಿದ್ದರೂ ತಿರುಗಿ ನೋಡಬಾರದು, ಆಚೆ ತುದಿಯವನ ಜೊತೆ ಒಂದೇ ಹೊತ್ತಿಗೆ ಬಿಡಬೇಕು, ಬಿಟ್ಟ ಮೇಲೆ ಬದಿಗೆ ಸರಿಯಬೇಕು. ಮನೆಯಲ್ಲಿ ಅಮ್ಮನ ಹಳೆ ಸೀರೆ ಹಿಡಿದು ಅಕ್ಕನ ಜೊತೆ ಶುರು ಮಾಡಿದ. ಬಟ್ಟೆಯ ತುದಿಗೆ ಗಂಟು ಹಾಕಿದೆವು, ಹಿಡಿತ ತಪ್ಪದ ಹಾಗೆ. ಮೊಬೈಲಿನಲ್ಲಿ ಚೆಂಡೆ ಹಾಕಿ ಅಭ್ಯಾಸವಾಯ್ತು. "ಬಿಡು" ಎಂದು ಆಚೆ ತುದಿಯ ಹುಡುಗ ಮೆಲ್ಲಗೆ ಹೇಳುವುದು ಎಂದು ಒಪ್ಪಂದ.

ಆಟದ ದಿನ ಅವನು ತಿರುಗಿ ನೋಡಿಯೇಬಿಟ್ಟ. ತೆರೆ ಒಂದು ಬದಿ ಜೋತು ರಾಕ್ಷಸನ ಕಿರೀಟ ಮೊದಲೇ ಕಂಡಿತು, ಸಭೆ ನಕ್ಕಿತು. ನಕ್ಕರೆ ನಗಲಿ, ದೊಡ್ಡ ಮೇಳಗಳಲ್ಲೂ ಇಂಥದ್ದು ಆಗದೆ ಇರುತ್ತದಾ? ಮರುದಿನ ಅವನ ಅಪ್ಪ ಅಂಗಡಿಗೆ ಹೋದಾಗ ಯಾರೋ "ನಿನ್ನೆ ತೆರೆ ಹಿಡಿದವನು ನಿಮ್ಮ ಮಗನಲ್ವಾ" ಅಂತ ಕೇಳಿದರಂತೆ. ಅಲ್ಲಿಯವರೆಗೆ ಆ ಅಪ್ಪನ ಹತ್ತಿರ ಮಗನ ವಿಷಯ ಕೇಳಿದವರೆಲ್ಲ ಪೆನ್ಶನ್ ಬಂತಾ ಅಂತ ಕೇಳಿದವರೇ.

2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಕರ್ನಾಟಕದವರು ತಲಪಾಡಿಯಲ್ಲಿ ಗಡಿ ಮುಚ್ಚಿದರು, ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿಗೆ ಚಿಕಿತ್ಸೆಗೆ ಹೋಗುತ್ತಿದ್ದ ನಮ್ಮ ಮಕ್ಕಳದ್ದೆಲ್ಲ ನಿಂತುಹೋಯಿತು. ವ್ಯಾಯಾಮದ ಕಾಗದ ಇದ್ದ ಮನೆಗಳಲ್ಲಿ ಸ್ವಲ್ಪ ದಿನಕ್ಕೆ ಅದೂ ನಿಂತಿತು, ಯಾರನ್ನೂ ದೂರುವ ಹಾಗಿಲ್ಲ. ಆದರೆ ಹೆಕ್ಕುವುದು, ಒರೆಸುವುದು, ತಟ್ಟೆ ಇಡುವುದು ಅಂತ ಮನೆಯ ಕೆಲಸದಲ್ಲೇ ಮಗುವಿನ ಪಾಲು ಗೊತ್ತು ಮಾಡಿಕೊಂಡಿದ್ದ ಮನೆಗಳಲ್ಲಿ ಅದು ನಿಲ್ಲಲಿಲ್ಲ. ದಿನವೂ ಉಣ್ಣಬೇಕಲ್ಲ, ಹಾಗಾಗಿ ದಿನವೂ ತಟ್ಟೆ ಇಡಬೇಕು. ಆಗಿನಿಂದ ನಾನು ವ್ಯಾಯಾಮದ ಕಾಗದ ಕೊಡುವುದನ್ನು ತುಂಬಾ ಕಡಿಮೆ ಮಾಡಿದ್ದೇನೆ.

ಪ್ರಶ್ನೆಗಳಿಗೆ ಬರುವ.

ಒಬ್ಬರು ಅಮ್ಮ ಕೇಳಿದ್ದು: ಮಗನಿಗೆ ಹದಿನೇಳು ಆಯ್ತು, ಇನ್ನು ಇದೆಲ್ಲ ಕಲಿಯುವ ಪ್ರಾಯ ದಾಟಿತಲ್ಲವಾ?

ನಡೆಯುವ ರೀತಿ ಈ ಪ್ರಾಯದಲ್ಲಿ ಹೆಚ್ಚು ಬದಲಾಗುವುದು ಕಷ್ಟ, ಸುಳ್ಳು ಭರವಸೆ ಕೊಡುವುದಿಲ್ಲ. ಕೆಲಸ ಕಲಿಯಲಿಕ್ಕೆ ಪ್ರಾಯ ದಾಟುವುದಿಲ್ಲ. ಹಾಲಿನ ಡಿಪೋಗೆ ಹಾಲು ಕೊಟ್ಟು ಬರುವುದು, ಬಟ್ಟೆ ಮಡಚುವುದು, ಫೋನಿನಲ್ಲಿ ಅಕ್ಕನಿಗೆ ಕರೆ ಮಾಡುವುದು, ಯಾವುದಾದರೂ ಒಂದು ಹಿಡಿಯಿರಿ. ಹದಿನೆಂಟು ತುಂಬಿದ ಮೇಲೆ ಶಾಲೆ ಮುಗಿಯಿತು ಅಂತ ಮನೆಯಲ್ಲಿ ಕೂರಿಸಬೇಡಿ. ಕೇರಳದ ಹೆಂಗಸರ ಸಂಘಗಳ ಜಾಲವಾದ ಕುಟುಂಬಶ್ರೀ ಮತ್ತು ಪಂಚಾಯತು ಸೇರಿ ನಡೆಸುವ ಬಡ್ಸ್ ಎಂಬ ವಿಶೇಷ ಶಾಲೆಗಳ ವ್ಯವಸ್ಥೆಯಲ್ಲಿ ಹದಿನೆಂಟು ದಾಟಿದವರಿಗೆ ಬೇರೆ ಪುನರ್ವಸತಿ ಕೇಂದ್ರ ಉಂಟು. ನಿಮ್ಮ ವಾರ್ಡು ಮೆಂಬರಲ್ಲಿ ವಿಚಾರಿಸಿ, ಈಗಲೇ.

ಹಿಂದಿನ ಸಾಲಿನಿಂದ ಒಬ್ಬರು ಅಪ್ಪ, ಎರಡು ಸಲ ಎದ್ದು ಕೂತು, ಕೊನೆಗೆ ಕೇಳಿದರು: "ಮೇಡಂ, ಮಗ ತಾನೇ ಉಣ್ಣುತ್ತಾನೆ ಅಂತ ಗೊತ್ತಾದರೆ ಶೇಕಡಾ ಕಡಿಮೆ ಮಾಡ್ತಾರಾ? ಪೆನ್ಶನ್ ಹೋಗ್ತದಾ?"

ಕೆಲವರು ನಕ್ಕರು. ನಗುವ ಪ್ರಶ್ನೆಯಲ್ಲ. ಕೈಯ ತೊಂದರೆ ಅಳೆಯುವ ನಮ್ಮ ದೇಶದ ಕ್ರಮದಲ್ಲಿ ಕೈಯಿಂದ ಉಣ್ಣುವುದು, ಲೋಟದಲ್ಲಿ ನೀರು ಕುಡಿಯುವುದು, ತಲೆ ಬಾಚುವುದು, ಗುಂಡಿ ಹಾಕುವುದು, ಬರೆಯುವುದು, ಇವಕ್ಕೂ ಅಂಕ ಉಂಟು. ಹಾಗಾಗಿ ಈ ಭಯ ಎಲ್ಲಿಂದಲೋ ಹುಟ್ಟಿದ್ದಲ್ಲ. ಮಗ ಒಂದು ತುತ್ತು ತಾನೇ ಉಂಡದ್ದಕ್ಕೆ ಅಪ್ಪ ಹೆದರಬೇಕಾದ ಹಾಗೆ ನಾವು ವ್ಯವಸ್ಥೆ ಕಟ್ಟಿಕೊಂಡಿದ್ದೇವೆ, ಅದಕ್ಕೆ ನಾಚಬೇಕಾದವರು ನೀವಲ್ಲ. ನೀವು ಮಾಡಬೇಕಾದ್ದು ಇಷ್ಟು. ಮೆಡಿಕಲ್ ಬೋರ್ಡಿಗೆ ಹೋಗುವಾಗ ಅವನಿಗೆ ಬರುವುದಿಲ್ಲ ಅಂತ ಹೇಳಬೇಡಿ, ಸುಳ್ಳು ಹೇಳಿದ್ದು ಅವನ ಕಿವಿಗೂ ಬೀಳುತ್ತದೆ. ಏನೇನು ಇದ್ದರೆ ಬರುತ್ತದೆ ಅಂತ ಹೇಳಿ: ಬೆನ್ನಿಗೆ ಗೋಡೆ, ಕೆಳಗೆ ಮಣೆ, ಅಂಚಿನ ತಟ್ಟೆ, ಕಲಸಿಕೊಡುವವರು ಒಬ್ಬರು, ಮುಕ್ಕಾಲು ಗಂಟೆ ಸಮಯ. ಬೋರ್ಡಿನ ಎದುರಿನ ಬೆಂಚಿನಲ್ಲಿ ಇದ್ಯಾವುದೂ ಇರುವುದಿಲ್ಲ. ನನ್ನ ಸಹಿ ಹಾಕಿ ಅದನ್ನು ಬರೆದುಕೊಡುತ್ತೇನೆ, ಸಭೆ ಮುಗಿದ ಮೇಲೆ ನಿಲ್ಲಿ. ಮಲಯಾಳದಲ್ಲೂ ಒಂದು ಪ್ರತಿ ಬೇಕಾದೀತು. ಅದನ್ನೂ ಮಾಡುವ.